ನಡುಗದ ಕಡಲಂಚು

ತುಂಗಭದ್ರೆಯ ದಂಡೆಯಲ್ಲಿ ಹಳೆಯದೊಂದು ಛತ್ರವಿತ್ತು. ಅದರ ಜಗಲಿಯ ಮೇಲೆ ಕೂತು ಕೊಟ್ರಯ್ಯನವರು ಇಲ್ಲದ ದೇಶಗಳ ನಕ್ಷೆ ಬರೆಯುತ್ತಿದ್ದರು.

ಮೊದಲು ಅವರು ಮೋಜಣಿ ಇಲಾಖೆಯಲ್ಲಿದ್ದವರು. ಮೂವತ್ತೆರಡು ವರ್ಷ ಹೊಲ, ಹಳ್ಳ, ಗಡಿಕಲ್ಲುಗಳನ್ನು ಅಳೆದು ಬರೆದಿದ್ದರು. ನಿವೃತ್ತಿಯಾದ ಮಾರನೆಯ ದಿನ ದೊಡ್ಡ ಹಾಳೆಯೊಂದನ್ನು ಹಾಸಿ, ಗಡಿಗಾಗಿ ಯಾರೂ ಬಡಿದಾಡದ ಒಂದು ದೇಶವನ್ನು ಬರೆಯತೊಡಗಿದರು.

ಕಥೆ ಬರೆಯುವವರು ತಮ್ಮ ಕಥೆಗಳಿಗೆ ನಕ್ಷೆ ಬೇಕೆಂದು ಅವರನ್ನು ಹುಡುಕಿಕೊಂಡು ಬಂದರು. ಆಮೇಲೆ ಕಲಿಯುತ್ತೇವೆ ಎನ್ನುವವರೂ ಬಂದರು. ಬಂದವರಲ್ಲಿ ಉಳಿದವಳು ಪಂಪಾವತಿ ಒಬ್ಬಳೇ.

ಅವಳು ಹೊಸಪೇಟೆಯವಳು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಬದುಕುತ್ತಿದ್ದಳು. ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು.

ಮೊದಲ ದಿನ ಅವಳು ಕೇಳಿದಳು.

"ಇಲ್ಲದ ದೇಶವನ್ನು ಎಲ್ಲಿಂದ ಶುರು ಮಾಡಬೇಕು ಗುರುಗಳೇ?"

"ನೀರಿನಿಂದ."

ಅವಳು ಒಂದು ಬೆಟ್ಟ ಬರೆದು, ಬೆಟ್ಟದಿಂದ ಒಂದು ನದಿ ಇಳಿಸಿದಳು. ನಡುದಾರಿಯಲ್ಲಿ ನದಿಯನ್ನು ಎರಡಾಗಿ ಸೀಳಿ, ಒಂದನ್ನು ಮೂಡಣ ಕಡಲಿಗೂ ಇನ್ನೊಂದನ್ನು ಪಡುವಣ ಕಡಲಿಗೂ ಸೇರಿಸಿದಳು. ನೋಡುವುದಕ್ಕೆ ಚೆಂದವಾಗಿತ್ತು.

ಕೊಟ್ರಯ್ಯನವರು ಎದ್ದು ಹೋಗಿ ಒಂದು ಚೊಂಬು ನೀರು ತಂದು ಜಗಲಿಯ ಇಳಿಜಾರು ಕಲ್ಲಿನ ಮೇಲೆ ಸುರಿದರು. ನೀರು ಆಚೆ ಈಚೆ ತಡಕಾಡಿ, ಒಂದು ತಗ್ಗು ಕಂಡುಕೊಂಡು, ಒಂದೇ ಧಾರೆಯಾಗಿ ಕೆಳಗೆ ಬಿತ್ತು.

"ಎರಡಾಯಿತೇ?"

"ಇಲ್ಲ."

"ದೇಶ ಇಲ್ಲದಿದ್ದರೂ ನೀರು ನೀರೇ."

ಇನ್ನೊಂದು ಭಾನುವಾರ ಅವಳ ನಿಬ್ಬು ಜಾರಿತು. ಬಯಲಿನ ನಟ್ಟನಡುವೆ ಶಾಯಿಯ ಗೀರು ಎದ್ದಿತು. ಒಂದು ತಿಂಗಳ ಕೆಲಸ. ಅವಳ ಕಣ್ಣಲ್ಲಿ ನೀರು ಬಂತು.

"ರಬ್ಬರು ಇದೆಯೇ ಗುರುಗಳೇ? ಬ್ಲೇಡಾದರೂ?"

"ಇಲ್ಲಿ ಅವೆಲ್ಲ ಇಲ್ಲ."

"ಮತ್ತೆ ಈ ಗೀರು?"

ಗುರುಗಳು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಅಲ್ಲೊಂದು ಕಮರಿ ಇದೆ. ನಿನಗೆ ಈಗ ಗೊತ್ತಾಯಿತು. ಅದನ್ನು ದಾಟುವುದಕ್ಕೆ ಅಲ್ಲಿಯ ಜನ ಏನು ಮಾಡಿಕೊಂಡಿದ್ದಾರೆ, ಯೋಚಿಸು."

ಅವಳು ಕಮರಿಗೆ ಹಗ್ಗದ ಸೇತುವೆ ಬರೆದಳು. ಸೇತುವೆಯ ಈಚೆ ಸುಂಕದ ಕಟ್ಟೆ ಬಂತು. ಕಟ್ಟೆಯ ಸುತ್ತ ಒಂದು ಊರೇ ಬಂತು. ಕೊನೆಗೆ ಆ ನಕ್ಷೆಯಲ್ಲಿ ಜನ ಮೆಚ್ಚಿದ್ದು ಆ ಊರನ್ನೇ.

ಮೂರನೆಯ ವರ್ಷ ಪಂಪಾವತಿ ಒಂದು ಟ್ಯಾಬ್ ಕೊಂಡಳು. ಅದನ್ನು ಮರೆಮಾಚುವುದು ಅವಳಿಗೆ ಸರಿಕಾಣಲಿಲ್ಲ. ತಂದು ಗುರುಗಳ ಮುಂದಿಟ್ಟಳು.

"ಇದರಲ್ಲಿ ಬೆಟ್ಟ ಬರೆಯಬೇಕಾಗಿಲ್ಲ ಗುರುಗಳೇ. ಹೀಗೆ ಎಳೆದರೆ ಸಾಕು."

ಅವಳು ಟ್ಯಾಬಿನ ಜೊತೆ ಬಂದ ಬರೆಯುವ ಕಡ್ಡಿಯಿಂದ ಒಂದು ಸಾರಿ ಎಳೆದಳು. ಗಾಜಿನ ಮೇಲೆ ಸಾಲಾಗಿ ಮೂವತ್ತು ಬೆಟ್ಟ ಎದ್ದು ನಿಂತವು, ಒಂದೊಂದಕ್ಕೂ ನೆರಳಿನ ಸಮೇತ.

"ಆಹಾ!" ಎಂದರು ಕೊಟ್ರಯ್ಯನವರು. ಕಡ್ಡಿ ಇಸಿದುಕೊಂಡು ತಾವೂ ಎಳೆದರು. ಮತ್ತೆ ಮೂವತ್ತು ಬೆಟ್ಟ. ಮಗುವಿನ ಹಾಗೆ ನಕ್ಕರು. ಆಮೇಲೆ ಒಂದು ಬೆಟ್ಟದ ಮೇಲೆ ಬೆರಳಿಟ್ಟು ಕೇಳಿದರು.

"ಇದರ ಮೇಲೆ ಯಾರಿದ್ದಾರೆ?"

"ಗೊತ್ತಿಲ್ಲ."

"ಹೂಂ."

ಪಂಪಾವತಿಗೆ ಸುಮ್ಮನಿರಲು ಆಗಲಿಲ್ಲ.

"ಕೈಯಲ್ಲಿ ಬರೆದಾಗಲೂ ಎಷ್ಟೋ ಬೆಟ್ಟದ ಮೇಲೆ ಯಾರಿದ್ದಾರೆ ಅಂತ ನನಗೆ ಗೊತ್ತಿರುವುದಿಲ್ಲ ಗುರುಗಳೇ."

ಕೊಟ್ರಯ್ಯನವರು ಜೋರಾಗಿ ನಕ್ಕರು. "ಅದೂ ನಿಜವೇ. ಹಾಗಾದರೆ ತಪ್ಪು ಈ ಹಲಗೆಯದಲ್ಲ."

ಅಂದಿನಿಂದ ಟ್ಯಾಬಿನ ಮಾತು ಅವರಿಬ್ಬರ ನಡುವೆ ಜಗಳದ ಮಾತಾಗಲಿಲ್ಲ. ಹೊಟ್ಟೆಪಾಡಿನ ಕೆಲಸವನ್ನು ಅವಳು ಗಾಜಿನ ಮೇಲೆ ಮಾಡಿದಳು. ಭಾನುವಾರ ಕಾಗದದ ಮೇಲೆ ಬರೆದಳು.

ಹೀಗೆ ಆರು ವರ್ಷ ಕಳೆಯಿತು.

ಅಷ್ಟರಲ್ಲಿ ಗುರುಗಳ ಬಲಗೈಗೆ ನಡುಕ ಬಂದಿತ್ತು. ಮೊದಲು ಚಹಾದ ಬಟ್ಟಲಲ್ಲಿ ಕಾಣಿಸಿತು. ಆಮೇಲೆ ಅಕ್ಷರದಲ್ಲಿ. ಕೊನೆಗೆ ಗೆರೆಯಲ್ಲಿ. ಗೆರೆಯಲ್ಲಿ ಕಂಡ ದಿನವೇ ಅವರು ನಿಬ್ಬನ್ನು ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಗೋಡೆಯ ಮಾಡದಲ್ಲಿಟ್ಟರು.

"ನಡುಕ ನಿಂತ ಮೇಲೆ ಬರೆದರಾಯಿತು" ಎಂದರು.

ಬಳ್ಳಾರಿಯ ವೈದ್ಯರು ಗುಳಿಗೆ ಕೊಟ್ಟರು. ನಡುಕ ನಿಲ್ಲಲಿಲ್ಲ. ಎರಡು ವರ್ಷ ಕೊಟ್ರಯ್ಯನವರು ಒಂದು ಗೆರೆಯನ್ನೂ ಎಳೆಯಲಿಲ್ಲ. ಪಂಪಾವತಿ ಬರೆಯುವುದನ್ನು ನೋಡುತ್ತಾ, ನದಿಯನ್ನು ನೋಡುತ್ತಾ ಕೂತಿರುತ್ತಿದ್ದರು. ಗಡ್ಡ ಬೆಳೆಯಿತು. ಮಾತು ಕಡಿಮೆಯಾಯಿತು. ಪಕ್ಕದ ಮಠದಿಂದ ಬಂದ ಊಟ ಎಷ್ಟೋ ದಿನ ಮುಚ್ಚಿದ ಹಾಗೇ ಇರುತ್ತಿತ್ತು.

ಆಗ ಪ್ರಕಾಶಕರೊಬ್ಬರಿಂದ ಕಾಗದ ಬಂತು. ಮಕ್ಕಳಿಗಾಗಿ ದೊಡ್ಡದೊಂದು ಸಾಹಸದ ಕಥೆ ಅಚ್ಚಾಗಲಿದೆ. ಕಥೆಯ ದೇಶದ ಹೆಸರು ಮಿಂಚಿನಾಡು. ಪುಸ್ತಕ ತೆರೆದ ಕೂಡಲೇ ಎರಡು ಪುಟದ ತುಂಬ ನಕ್ಷೆ ಬೇಕು. ಅದನ್ನು ಕೊಟ್ರಯ್ಯನವರೇ ಬರೆಯಬೇಕು.

"ಆಗುವುದಿಲ್ಲ ಎಂದು ಬರೆದುಬಿಡು" ಎಂದರು ಗುರುಗಳು.

"ಒಂದು ಸಾರಿ ಪ್ರಯತ್ನ ಮಾಡಬಹುದಲ್ಲ?"

"ಕಡಲಂಚು ಈಗ ನನ್ನ ಮಾತು ಕೇಳುವುದಿಲ್ಲ ಪಂಪಾ."

ಅವರು ಅದನ್ನು ನಗುತ್ತಲೇ ಹೇಳಿದರು. ಆ ನಗು ಅವಳಿಗೆ ಸಹಿಸಲಾಗಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಟ್ಯಾಬ್ ಹಿಡಿದುಕೊಂಡು ಬಂದಳು. ಗೆರೆಯನ್ನು ನಯಮಾಡುವ ಒಂದು ಸೌಕರ್ಯ ಅದರಲ್ಲಿತ್ತು. ಅದನ್ನು ಹೆಚ್ಚಿಸಿದಷ್ಟೂ ಅದು ಕೈಯ ನಡುಕವನ್ನು ನುಂಗಿ ಗೆರೆಯನ್ನಷ್ಟೇ ಉಳಿಸುತ್ತಿತ್ತು. ಬಸ್ಸಿನಲ್ಲೇ ಅವಳು ಅದನ್ನು ತುದಿಯವರೆಗೆ ಏರಿಸಿಟ್ಟಿದ್ದಳು.

"ಇದರ ಮೇಲೆ ಬರೆದು ನೋಡಿ ಗುರುಗಳೇ."

"ಕೈ ಅದೇ ಅಲ್ಲವೇ?"

"ನೋಡಿ ಅಷ್ಟೇ."

ಕೊಟ್ರಯ್ಯನವರು ಕಡ್ಡಿ ಹಿಡಿದರು. ಗಾಜಿನ ಮೇಲೆ ಇಟ್ಟು, ಉಸಿರು ಬಿಗಿಹಿಡಿದು, ಎಡದಿಂದ ಬಲಕ್ಕೆ ಎಳೆದರು.

ಗೆರೆ ಹರಿಯಿತು. ಒಂದು ಕೊಲ್ಲಿಯಾಗಿ ಬಾಗಿ, ಮೂಗಿನ ಹಾಗೆ ಮುಂಚಾಚಿ, ಮತ್ತೆ ಒಳಗೆ ಸರಿದು, ನಯವಾಗಿ ನಿಂತಿತು.

ಅವರು ಗೆರೆಯನ್ನು ನೋಡಿದರು.

"ಪಂಪಾ."

"ಗುರುಗಳೇ."

"ಕೈ ಬಂತು."

ಅವರು ಗಾಜನ್ನು ಬೆರಳಿನಿಂದ ಸವರಿದರು.

"ಗುಳಿಗೆ ಹಿಡಿಯಿತೋ? ಅಥವಾ ಈ ಗಾಜು ನುಣುಪಾಗಿದೆ ಅಂತಲೋ?"

ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಆದರೆ ಗುರುಗಳ ಕಣ್ಣು ತುಂಬಿಕೊಂಡಿತ್ತು. ಎರಡು ವರ್ಷದಲ್ಲಿ ಅವಳು ಆ ಮುಖವನ್ನು ನೋಡಿರಲಿಲ್ಲ.

"ಹೌದು ಗುರುಗಳೇ. ಗಾಜು ನುಣುಪು."

ಅವಳು ಕೈಲಿದ್ದ ಕೆಲಸಗಳನ್ನೆಲ್ಲ ಮುಂದಕ್ಕೆ ಹಾಕಿ ದಿನವೂ ಬರತೊಡಗಿದಳು. ಗುರುಗಳು ಗಡ್ಡ ಬೋಳಿಸಿಕೊಂಡು, ಮಡಿ ಅಂಗಿ ತೊಟ್ಟು ಜಗಲಿಯಲ್ಲಿ ಕಾಯುತ್ತಿದ್ದರು. ಮಠದ ಊಟ ಸಾಲುತ್ತಿಲ್ಲ ಎಂದು ಇನ್ನೆರಡು ರೊಟ್ಟಿ ಹೇಳಿಕಳಿಸಿದ್ದರು.

ಬರೆದದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಗುಂಡಿಯನ್ನು ಅವರು ಎರಡನೆಯ ದಿನ ಕಂಡುಹಿಡಿದರು. ಒಂದೇ ಬಂಡೆಸಾಲನ್ನು ನಲವತ್ತು ಸಾರಿ ಬರೆದು ನಲವತ್ತು ಸಾರಿ ಅಳಿಸಿದರು.

"ರಬ್ಬರು ಬೇಡ ಎಂದವರು ನೀವೇ ಅಲ್ಲವೇ?" ಎಂದಳು ಪಂಪಾವತಿ.

"ಆಗ ನನ್ನ ಹತ್ತಿರ ಪುರುಸೊತ್ತಿತ್ತು, ತಾಯಿ. ಎಡವಿದ ಕಡೆಯೆಲ್ಲ ಊರು ಕಟ್ಟಬಹುದಿತ್ತು."

ಬೆಟ್ಟಗಳನ್ನು ಮಾತ್ರ ಅವರು ಒಂದೊಂದಾಗಿಯೇ ಬರೆದರು. ಬರೆಯುತ್ತಾ ಹೇಳುತ್ತಿದ್ದರು: ಇದರ ಬುಡದಲ್ಲಿ ಕಂಬಳಿ ನೇಯುವವರಿದ್ದಾರೆ. ಇದರ ನೆತ್ತಿಯಲ್ಲಿ ಒಬ್ಬಳು ಮುದುಕಿ ಇದ್ದಾಳೆ, ಹಡಗು ಬಂದರೆ ಬೆಂಕಿ ಹಾಕುತ್ತಾಳೆ. ಇದರ ಮೇಲೆ ಯಾರೂ ಇಲ್ಲ, ಇರುವುದು ಬೇಡ.

ಪ್ರತಿ ಬೆಳಿಗ್ಗೆ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಪಂಪಾವತಿ ಬಸ್ಸು ಹತ್ತುತ್ತಿದ್ದಳು. ದಂಡೆಯ ದಾರಿ ಹಿಡಿದಾಗ ದೂರದಿಂದಲೇ ಬಿಳಿ ಅಂಗಿ ಕಾಣುತ್ತಿತ್ತು. ಹೇಳುವುದು ನಾಳೆಗೆ ಹೋಗುತ್ತಿತ್ತು.

ಹತ್ತೊಂಬತ್ತನೆಯ ದಿನ ಮಿಂಚಿನಾಡು ಮುಗಿಯಿತು. ಅವಳು ಅದನ್ನು ಪ್ರಕಾಶಕರಿಗೆ ಕಳಿಸಿದಳು. ಇನ್ನು ಹೇಳದಿದ್ದರೂ ನಡೆಯುತ್ತದೆ, ಮುಗಿಯಿತಲ್ಲ ಎಂದು ಅವಳ ಮನಸ್ಸು ಹಗುರಾಯಿತು.

ಗುರುಗಳು ಹೇಳಿದರು.

"ಇಮಾಂಸಾಬನಿಗೆ ಫೋನು ಹಚ್ಚು."

ಇಮಾಂಸಾಬ್ ಮೋಜಣಿಯ ಕಾಲದ ಗೆಳೆಯ. ಮೂವತ್ತು ವರ್ಷ ಕೊಟ್ರಯ್ಯನವರ ಜೊತೆ ಬಿಸಿಲಲ್ಲಿ ಅಳತೆಯ ಸರಪಳಿ ಎಳೆದವನು. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದ.

"ಅವನಿಗೆ ಒಂದು ದೇಶ ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೈ ಕೆಟ್ಟು ಹಾಗೇ ಉಳಿಯಿತು. ಬರುವುದಕ್ಕೆ ಹೇಳು. ಅವನ ಎದುರಿಗೇ ಬರೆಯುತ್ತೇನೆ. ಕಾಗದದ ಮೇಲೆ."

ಪಂಪಾವತಿ ಟ್ಯಾಬನ್ನು ಅವರ ಮುಂದೆ ಸರಿಸಿದಳು.

"ಕಾಗದ ಯಾಕೆ ಗುರುಗಳೇ? ಟ್ಯಾಬಿನಲ್ಲೇ ಬರೆದು ಅಚ್ಚು ಹಾಕಿಸೋಣ."

"ಅವನು ಗೋಡೆಗೆ ಹಚ್ಚಿಕೊಳ್ಳುವವನು. ಶಾಯಿಯದೇ ಆಗಲಿ."

ಆ ಸಂಜೆಯೂ ಅವಳು ಹೇಳಲಿಲ್ಲ. ಬೆಳಗಾದರೆ ಏನಾದರೂ ದಾರಿ ಹೊಳೆದೀತು ಎಂದುಕೊಂಡಳು.

ಇಮಾಂಸಾಬ್ ಮಾರನೆಯ ದಿನ ಮೊದಲ ಬಸ್ಸಿಗೇ ಬಂದಿದ್ದ. ಚೀಲದಲ್ಲಿ ಗೆಳೆಯನಿಗೆಂದು ಅಂಜೂರದ ಹಣ್ಣು ತಂದಿದ್ದ. ಪಂಪಾವತಿ ತಲುಪುವಷ್ಟರಲ್ಲಿ ಜಗಲಿಯ ಮೇಲೆ ಹಾಳೆ ಹಾಸಿತ್ತು. ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟಿತ್ತು. ನಿಬ್ಬು ಬಟ್ಟೆಯಿಂದ ಹೊರಗೆ ಬಂದಿತ್ತು.

"ಬಾ ತಾಯಿ, ನಿನಗೇ ಕಾಯುತ್ತಿದ್ದೆವು" ಎಂದರು ಗುರುಗಳು. "ಸಾಬ್, ನೋಡು. ಕಡಲು ಬರುತ್ತದೆ."

ನಿಬ್ಬು ಹಾಳೆಗೆ ತಾಗಿತು. ಗೆರೆ ಒಡೆಯಿತು.

ಕೊಟ್ರಯ್ಯನವರು ನಿಬ್ಬನ್ನು ಮೇಲೆತ್ತಿ ನೋಡಿದರು. "ಬಹಳ ದಿನ ಒಣಗಿತ್ತು" ಎಂದು ಹೊಸ ನಿಬ್ಬು ಹಾಕಿದರು. ಗೆರೆ ಮತ್ತೆ ಹಲ್ಲುಹಲ್ಲಾಯಿತು.

"ಹಾಳೆ ಒರಟು." ಹಾಳೆ ಬದಲಾಯಿಸಿದರು.

"ಶಾಯಿ ಗಟ್ಟಿಯಾಗಿದೆ." ನೀರು ಬೆರೆಸಿದರು.

ಮೂರನೆಯ ಹಾಳೆಯ ಮೇಲೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದು ಎಳೆದರು. ಹಣೆಯ ಮೇಲೆ ಬೆವರು ಮೂಡಿತು. ಒಂದು ಗೇಣು ಕಡಲಂಚು ಬಂತು. ಅದರ ಮೇಲೆ ಮೂರು ಕಡೆ ಶಾಯಿ ಬಿದ್ದಿತ್ತು.

"ನಿನ್ನೆ ಬರೆದೆನಲ್ಲ" ಎಂದರು ಅವರು. ಯಾರನ್ನೂ ನೋಡದೆ ಹೇಳಿದರು. "ನಿನ್ನೆಯೇ ಬರೆದೆನಲ್ಲ."

ಇಮಾಂಸಾಬ್ ಬಗ್ಗಿ ಆ ಹಾಳೆಯನ್ನು ಎತ್ತಿಕೊಂಡ. ಊದಿ ಊದಿ ಶಾಯಿ ಆರಿಸಿದ.

"ಇದು ಸಾಕು ಬಿಡೋ ಕೊಟ್ರಣ್ಣ. ನನಗೆ ಕಡಲೇ ಬೇಕಾಗಿತ್ತು, ಕಡಲು ಬಂತು. ಇಲ್ಲಿ ಮೀನು ಹಿಡಿಯೋರು ಇರ್ತಾರೆ, ನೋಡು, ಈ ಕಲ್ಲುಕಲ್ಲಿನ ಹತ್ತಿರ."

ಹಾಳೆಯನ್ನು ಸುರುಳಿ ಸುತ್ತಿ ಚೀಲದಲ್ಲಿಟ್ಟುಕೊಂಡ. ಅಂಜೂರ ಬಿಡಿಸಿ ಗೆಳೆಯನ ಕೈಗೆ ಕೊಟ್ಟ. ಮಧ್ಯಾಹ್ನದವರೆಗೆ ಹಳೆಯ ಗಡಿಜಗಳಗಳ ಮಾತಾಡಿ, ಊಟ ಮಾಡಿ, ಬಸ್ಸು ಹತ್ತಿದ.

ಅವನು ಹೋದ ಮೇಲೆ ಪಂಪಾವತಿ ಗುರುಗಳ ಕಾಲ ಬಳಿ ಕೂತಳು.

"ಕೈ ಬಂದಿರಲಿಲ್ಲ ಗುರುಗಳೇ. ಟ್ಯಾಬಿನಲ್ಲಿ ನಡುಕ ತೆಗೆಯುವುದೊಂದಿದೆ. ಮೊದಲ ದಿನವೇ ಅದನ್ನು ಪೂರ್ತಿ ಏರಿಸಿಟ್ಟಿದ್ದೆ."

ಕೊಟ್ರಯ್ಯನವರು ನದಿಯ ಕಡೆ ನೋಡುತ್ತಿದ್ದರು.

"ಹಾಗೋ."

"ನಿಮಗೆ ಸಂತೋಷವಾಗಲಿ ಎಂದು..."

"ಆಯಿತಲ್ಲ. ಬಹಳ ಆಯಿತು."

ಅವರು ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಅವರು ಅವಳ ಕಡೆ ತಿರುಗಿ ಕೇಳಿದರು.

"ನಾನು ಬರೆದದ್ದನ್ನು ತೋರಿಸು."

"ಯಾವುದು ಗುರುಗಳೇ?"

"ಹತ್ತೊಂಬತ್ತು ದಿನ ಈ ಕೈ ಏನೋ ಬರೆಯಿತಲ್ಲ. ಟ್ಯಾಬು ತಿದ್ದಿದ್ದು ಬೇಡ. ಕೈ ಬರೆದದ್ದು."



"ಅದು ಇಲ್ಲ."

"ಅಂದರೆ?"

"ಟ್ಯಾಬು ಅದನ್ನು ಇಟ್ಟುಕೊಳ್ಳುವುದಿಲ್ಲ. ನೀವು ಬರೆಯುತ್ತಿರುವಾಗಲೇ ತಿದ್ದಿಬಿಡುತ್ತದೆ. ತಿದ್ದಿದ್ದು ಮಾತ್ರ ಉಳಿಯುತ್ತದೆ."

"ಅಳಿಸಿದ್ದಾದರೆ ಹಿಂದಕ್ಕೆ ಹೋಗಬಹುದು."

"ಇದು ಅಳಿಸಿದ್ದಲ್ಲ ಗುರುಗಳೇ. ಟ್ಯಾಬು ಅದನ್ನು ಬರೆದುಕೊಳ್ಳಲೇ ಇಲ್ಲ."

ಆ ಮಾತು ತನ್ನ ಬಾಯಿಂದ ಹೊರಬಿದ್ದಾಗಲೇ ಅವಳಿಗೆ ತಾನು ಮಾಡಿದ್ದೇನು ಎಂದು ತಿಳಿದದ್ದು. ಅವಳು ಗುರುಗಳ ಪಾದ ಹಿಡಿದುಕೊಂಡಳು.

"ಇನ್ನೂ ಅಚ್ಚಿಗೆ ಹೋಗಿಲ್ಲ. ಇವತ್ತೇ ತಡೆಯುತ್ತೇನೆ. ಮತ್ತೆ ಬರೆಯಿರಿ ಗುರುಗಳೇ. ಆ ನಯಮಾಡುವುದನ್ನು ತೆಗೆದುಹಾಕುತ್ತೇನೆ. ಇಲ್ಲವೇ ಕಾಗದದ ಮೇಲೆ ಬರೆಯಿರಿ. ಗೆರೆ ನಡುಗಿದರೆ ನಡುಗಲಿ."

ಕೊಟ್ರಯ್ಯನವರು ಅವಳ ತಲೆಯ ಮೇಲೆ ಕೈಯಿಟ್ಟರು. ಕೈ ಅಲ್ಲಿಯೂ ನಡುಗುತ್ತಿತ್ತು.

"ಆ ಹತ್ತೊಂಬತ್ತು ದಿನ ನನಗೆ ಎಪ್ಪತ್ತೊಂಬತ್ತು ವಯಸ್ಸಾಗಿರಲಿಲ್ಲ ಪಂಪಾ. ಈಗ ಆಗಿದೆ."

ಅವರು ಮತ್ತೆ ನಿಬ್ಬು ಹಿಡಿಯಲಿಲ್ಲ.

"ನಕ್ಷೆ ಅಚ್ಚಿಗೆ ಹೋಗಲಿ" ಎಂದರು. "ಮಕ್ಕಳು ಕಾಯುತ್ತಿದ್ದಾರೆ. ಕೆಳಗೆ ನನ್ನ ಹೆಸರು ಮಾತ್ರ ಬೇಡ."

"ಯಾರದು ಹಾಕಲಿ?"

"ಯಾರದು ಅಂತ ಗೊತ್ತಿದ್ದರೆ ಅವರದು ಹಾಕು."

ಅವಳು ಯಾರ ಹೆಸರನ್ನೂ ಹಾಕಿಸಲಿಲ್ಲ.

ಆ ವರ್ಷ ಹೊಳೆ ತುಂಬಿ ಹರಿದು ಇಳಿಯಿತು. ಪಂಪಾವತಿ ಭಾನುವಾರಗಳಲ್ಲಿ ಬರುವುದನ್ನು ಬಿಡಲಿಲ್ಲ. ಬಂದವಳು ಬರೆಯುತ್ತಿದ್ದಳು. ಗುರುಗಳು ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದರು. ಇಬ್ಬರೂ ಟ್ಯಾಬಿನ ಮಾತೆತ್ತುತ್ತಿರಲಿಲ್ಲ. ಅವಳು ಮನೆಯಲ್ಲಿ ಅದರ ಆ ಸೌಕರ್ಯವನ್ನು ಸೊನ್ನೆಗೆ ಇಳಿಸಿಟ್ಟಿದ್ದಳು. ತನ್ನ ಕೈಯೂ ಅಷ್ಟೇನೂ ನೇರವಲ್ಲ ಎಂದು ಅವಳಿಗೆ ಕಾಣತೊಡಗಿತು.

ದೀಪಾವಳಿ ಕಳೆದ ಮೇಲೆ ಪುಸ್ತಕ ಬಂತು. ಮಕ್ಕಳು ಮುಗಿಬಿದ್ದು ಓದಿದರು. ನಕ್ಷೆ ಬರೆದವರು ಯಾರು, ಎಂಥ ಕಡಲಂಚು, ಒಂದು ಕಡೆಯೂ ಕೈ ತಡವರಿಸಿಲ್ಲ ಎಂದು ಪ್ರಕಾಶಕರಿಗೆ ಕಾಗದಗಳು ಬಂದವು. ಅವರು ಅವನ್ನು ಪಂಪಾವತಿಗೆ ಕಳಿಸಿದರು. ಒಂದನ್ನು ಓದಿ ಉಳಿದವನ್ನು ಅವಳು ತೆರೆಯಲಿಲ್ಲ.

ಭಾನುವಾರ ಅವಳು ಪುಸ್ತಕ ತಂದು ಗುರುಗಳ ಮಡಿಲಲ್ಲಿಟ್ಟಳು.

ಕೊಟ್ರಯ್ಯನವರು ಮೊದಲ ಹಾಳೆ ತೆರೆದರು. ಎರಡು ಪುಟದ ತುಂಬ ಮಿಂಚಿನಾಡು ಹರಡಿಕೊಂಡಿತು. ಅವರು ತೋರುಬೆರಳನ್ನು ಕಡಲಂಚಿನ ತುದಿಗೆ ಇಟ್ಟು, ಅದರ ಗುಂಟ ಮೆಲ್ಲಗೆ ಸರಿಸತೊಡಗಿದರು.

ಅಚ್ಚಿನ ಗೆರೆ ತನ್ನ ಪಾಡಿಗೆ ನಯವಾಗಿ ಹೋಗುತ್ತಿತ್ತು. ಬೆರಳು ಅದರ ಮೇಲೆ ನಿಲ್ಲಲಿಲ್ಲ. ಒಮ್ಮೆ ಕಡಲಿಗೆ ಇಳಿಯಿತು, ಒಮ್ಮೆ ನೆಲಕ್ಕೆ ಹತ್ತಿತು, ಮತ್ತೆ ಕಡಲಿಗೆ ಇಳಿಯಿತು.

"ಅಚ್ಚು ಚೆನ್ನಾಗಿ ಬಂದಿದೆ" ಎಂದರು.

ಪಂಪಾವತಿ ತಲೆ ತಗ್ಗಿಸಿದ್ದಳು.

"ನನ್ನಿಂದ ತಪ್ಪಾಯಿತು ಗುರುಗಳೇ."

"ಅದನ್ನು ನೀನು ಆಗಲೇ ಹೇಳಿದ್ದೀಯೆ. ನಾನು ಬೇರೆ ಏನೋ ಕೇಳಬೇಕೆಂದಿದ್ದೆ."

"ಕೇಳಿ."

"ಆ ಹತ್ತೊಂಬತ್ತು ದಿನವೂ ನಾನು ಗಾಜನ್ನೇ ನೋಡುತ್ತಿದ್ದೆ. ಎಷ್ಟು ಚೆಂದ ಬರುತ್ತಿದೆ ಎಂದು. ನೀನು ಪಕ್ಕದಲ್ಲೇ ಇದ್ದೆ. ನನ್ನ ಕೈ ಎಲ್ಲೆಲ್ಲಿ ಹೋಯಿತು, ನೋಡಿದೆಯಾ? ಗಾಜು ಉಳಿಸದಿದ್ದರೆ ಬೇಡ. ನೀನು ನೋಡಿದ್ದರೆ ಸಾಕು."

ಪಂಪಾವತಿ ನೆನಪು ಮಾಡಿಕೊಂಡಳು. ಕೊಲ್ಲಿ ನೆನಪಾಯಿತು. ಕಂಬಳಿ ನೇಯುವವರ ಬೆಟ್ಟ ನೆನಪಾಯಿತು. ನಯವಾಗಿ ಹರಿಯುವ ಗೆರೆ, ಗುರುಗಳ ದನಿ, ಬಿಳಿ ಅಂಗಿಯ ತೋಳು. ತೋಳಿನ ತುದಿಯಲ್ಲಿ ಏನಿತ್ತು ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಇಲ್ಲ ಗುರುಗಳೇ" ಎಂದಳು. "ಕೈಯ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ನಾನೂ ಗಾಜನ್ನೇ ನೋಡುತ್ತಿದ್ದೆ."

ಕೊಟ್ರಯ್ಯನವರು ಪುಸ್ತಕ ಮುಚ್ಚಿ ಅವಳ ಕೈಗೆ ಕೊಟ್ಟರು.

"ಹಾಗಾದರೆ ನನ್ನ ಕೈ ಬರೆದ ಆ ದೇಶಕ್ಕೆ ಯಾರೂ ಹೋಗಿಯೇ ಇಲ್ಲ, ತಾಯಿ."